ಕೊಪ್ಪಳ ಸೀಮೆಯ ಮಳೆಯ ಲೆಕ್ಕವೂ ಘಟ್ಟನಾಡಿನ ವಾಯುಗುಣ ನಕ್ಷೆಯೂ

ಒಂದು ಸೀಮೆಯ ವಾಯುಗುಣವನ್ನು ತೋರಿಸುವ ನಕ್ಷೆಯನ್ನು ಪ್ರಕೃತಿಯೇ ಬರೆದ ಚಿತ್ರವೆಂದು ಭಾವಿಸುವುದು ವಾಡಿಕೆಯಾಗಿದೆ. ರಾಜಕೀಯ ನಕ್ಷೆಯ ಗಡಿಗಳು ಮನುಷ್ಯನು ಎಳೆದವು, ಕಾಲಕ್ಕೆ ತಕ್ಕಂತೆ ಅಳಿಸಿಹೋಗುವಂಥವು. ಮಳೆಯ ನಕ್ಷೆಯ ರೇಖೆಗಳಾದರೋ ಮೋಡವೂ ಗಾಳಿಯೂ ಎಳೆದವು, ಅವುಗಳಿಗೆ ಇತಿಹಾಸವಿಲ್ಲ ಎಂಬ ನಂಬಿಕೆ ನಮ್ಮ ಪಾಠಪುಸ್ತಕಗಳಲ್ಲಿ ಬೇರೂರಿದೆ. ಈ ನಂಬಿಕೆ ಎಷ್ಟರಮಟ್ಟಿಗೆ ಸರಿ ಎಂಬುದನ್ನು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕುಗಳ ನಿದರ್ಶನದಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಮಳೆಯ ನಕ್ಷೆಯ ರೇಖೆ ಎರಡು ಮಳೆಮಾಪಕಗಳ ನಡುವೆ ಎಳೆಯಲ್ಪಡುತ್ತದೆ. ಮಾಪಕವು ಕಚೇರಿಯ ಅಂಗಳದಲ್ಲಿ ನಿಂತಿರುತ್ತದೆ. ಕಚೇರಿ ಎಲ್ಲಿರಬೇಕೆಂಬುದನ್ನು ರಾಜ್ಯ ನಿರ್ಧರಿಸುತ್ತದೆ. ಆದಕಾರಣ ವಾಯುಗುಣದ ನಕ್ಷೆಯೂ ಒಂದು ಆಡಳಿತ ದಾಖಲೆಯೇ ಆಗಿದ್ದು, ಶಾಸನವನ್ನೋ ಫರ್ಮಾನನ್ನೋ ಓದುವಷ್ಟೇ ಎಚ್ಚರದಿಂದ ಅದನ್ನು ಓದಬೇಕಾಗುತ್ತದೆ. ಇದು ಬರಿಯ ಪಾಂಡಿತ್ಯದ ಪ್ರಶ್ನೆಯಲ್ಲ. ಒಂದು ತಾಲ್ಲೂಕಿಗೆ ಬರ ಬಂದಿದೆಯೇ ಇಲ್ಲವೇ ಎಂಬುದನ್ನು ಇಂದಿಗೂ 'ವಾಡಿಕೆ ಮಳೆ'ಗೆ ಹೋಲಿಸಿಯೇ ತೀರ್ಮಾನಿಸಲಾಗುತ್ತದೆ. ಆ ವಾಡಿಕೆ ಹುಟ್ಟಿದ್ದು ಹಳೆಯ ದಫ್ತರಗಳಿಂದ.

ಮೊದಲು ನೆಲದ ಸ್ವರೂಪವನ್ನು ಗಮನಿಸೋಣ. ಕಾರವಾರದಿಂದ ಕೊಪ್ಪಳಕ್ಕೆ ಹಕ್ಕಿ ಹಾರಿದ ದಾರಿಯಲ್ಲಿ ಸುಮಾರು ೨೨೦ ಕಿಲೋಮೀಟರು ದೂರ. ಕರಾವಳಿಯಲ್ಲಿ ವರ್ಷಕ್ಕೆ ೩೦೦೦ ಮಿ.ಮೀ. ಮೀರಿ ಸುರಿಯುವ ಮಳೆ, ಧಾರವಾಡ ತಲಪುವ ಹೊತ್ತಿಗೆ ೮೦೦ ಮಿ.ಮೀ. ಆಸುಪಾಸಿಗೆ ಇಳಿದು, ಕೊಪ್ಪಳ ಸೀಮೆಯಲ್ಲಿ ೬೦೦ ಮಿ.ಮೀ. ಅತ್ತಿತ್ತ ನಿಲ್ಲುತ್ತದೆ. ಘಟ್ಟದ ಅಂಚಿನಲ್ಲಿರುವ ಆಗುಂಬೆಯಲ್ಲಿ ೭೦೦೦ ಮಿ.ಮೀ. ದಾಟುವ ಮಳೆ ಅಲ್ಲಿಂದ ಹೆಚ್ಚು ದೂರವಿಲ್ಲದ ತೀರ್ಥಹಳ್ಳಿಯಲ್ಲಿ ೩೦೦೦ಕ್ಕೆ ಸಮೀಪವಿದ್ದು, ಶಿವಮೊಗ್ಗೆಯಲ್ಲಿ ಸಾವಿರದ ಒಳಗೆ ಬರುತ್ತದೆ. ಅಂದರೆ ಇಳಿತದ ಬಹುಭಾಗ ಘಟ್ಟದ ಬೆನ್ನಿಗೆ ಹತ್ತಿದ ಕೆಲವೇ ಹರದಾರಿಗಳಲ್ಲಿ ಮುಗಿದುಹೋಗುತ್ತದೆ. ಅನಂತರದ ಬಯಲಿನಲ್ಲಿ ವ್ಯತ್ಯಾಸ ನಿಧಾನ, ಸೂಕ್ಷ್ಮ. ನಮ್ಮ ನಾಲ್ಕು ತಾಲ್ಲೂಕುಗಳು ಈ ಸೂಕ್ಷ್ಮ ವಲಯದಲ್ಲಿವೆ, ಮಳೆನೆರಳಿನ ನಡುಮಧ್ಯೆ. ಇಲ್ಲಿಯೂ ಬೆಟ್ಟಗಳಿಲ್ಲವೆಂದಲ್ಲ. ಕೊಪ್ಪಳದ ಕೋಟೆಬೆಟ್ಟ, ಅಶೋಕನ ಶಾಸನಗಳನ್ನು ಹೊತ್ತ ಗವಿಮಠದ ಬೆಟ್ಟ ಮತ್ತು ಪಾಲ್ಕಿಗುಂಡು, ಆನೆಗೊಂದಿಯ ಹೆಬ್ಬಂಡೆಗಳ ಸಾಲು ಕಣ್ಣಿಗೆ ಭವ್ಯವಾಗಿ ಕಂಡರೂ ಮೋಡವನ್ನು ತಡೆದು ಮಳೆ ಸುರಿಸುವಷ್ಟು ಎತ್ತರವಾಗಿಯೂ ಇಲ್ಲ, ಉದ್ದವಾಗಿಯೂ ಇಲ್ಲ. ಹೆಚ್ಚು ಗಣ್ಯವಾದದ್ದು ಭೂಮಿಯ ಇಳಿಜಾರು: ಕುಷ್ಟಗಿಯ ಬಯಲು ಸಮುದ್ರಮಟ್ಟದಿಂದ ೬೦೦ ಮೀಟರಿಗೂ ಮೇಲಿದ್ದರೆ ಗಂಗಾವತಿ ತುಂಗಭದ್ರೆಯ ಬದಿಗೆ ೪೦೦ ಮೀಟರಿನ ಸುಮಾರಿಗೆ ತಗ್ಗಿದೆ. ಎತ್ತರ ಪ್ರತಿ ಸಾವಿರ ಮೀಟರು ಏರಿದಂತೆ ಉಷ್ಣತೆ ಆರೂವರೆ ಡಿಗ್ರಿಯಷ್ಟು ಇಳಿಯುವುದೆಂಬ ಸಾಮಾನ್ಯ ಸೂತ್ರದ ಪ್ರಕಾರ ಈ ಎರಡು ಊರುಗಳ ನಡುವೆ ಒಂದೂಕಾಲು ಡಿಗ್ರಿಗೂ ಹೆಚ್ಚಿನ ಅಂತರವಿರಬೇಕು. ಈ ಅಂತರ ನಕ್ಷೆಯಲ್ಲಿ ಕಾಣಬೇಕಾದರೆ ಎರಡೂ ಕಡೆ ಉಷ್ಣಮಾಪಕವಿರಬೇಕಷ್ಟೆ.

ಬೆಟ್ಟದ ನಾಡಿನ ವಾಯುಗುಣವನ್ನು ಅಂಕಿಗಳಿಂದ ನಕ್ಷೆಗಿಳಿಸುವುದರ ಕಷ್ಟವೆಲ್ಲ ಇಲ್ಲಿಯೇ ಇದೆ. ಮಾಪಕವಿರುವ ಸ್ಥಳದ ಮಳೆ ನಮಗೆ ಗೊತ್ತು. ಮಾಪಕಗಳ ನಡುವಿನ ನೆಲದ ಮಳೆಯನ್ನು ಊಹಿಸಬೇಕು. ಅಮೆರಿಕದ ಥೀಸನ್ ಎಂಬವನು ೧೯೧೧ರಲ್ಲಿ ಸೂಚಿಸಿದ ಕ್ರಮದಲ್ಲಿ ಪ್ರತಿಯೊಂದು ನೆಲವನ್ನೂ ಅದಕ್ಕೆ ಅತ್ಯಂತ ಸಮೀಪದ ಮಾಪಕದ ಪಾಲಿಗೆ ಹಚ್ಚಲಾಗುತ್ತದೆ. ಬಯಲಿನಲ್ಲಿ ಇದು ಸಲ್ಲುತ್ತದೆ. ಆಗುಂಬೆ ಮತ್ತು ತೀರ್ಥಹಳ್ಳಿಗಳ ನಡುವೆ ಸಲ್ಲುವುದಿಲ್ಲ. ಸ್ವಿಟ್ಜರ್ಲೆಂಡಿನವರು ಈ ಕಷ್ಟವನ್ನು ಮೊದಲೇ ಅರಿತಿದ್ದರೆಂದು ತೋರುತ್ತದೆ. ಅವರು ೧೮೬೩ರ ಡಿಸೆಂಬರಿನಲ್ಲಿ ೮೮ ಕೇಂದ್ರಗಳ ರಾಷ್ಟ್ರೀಯ ಜಾಲವನ್ನು ಆರಂಭಿಸಿದಾಗ ಕಣಿವೆಯ ಪಟ್ಟಣಗಳೊಂದಿಗೆ ಪರ್ವತದ ಕಣಿವೆಬಾಗಿಲುಗಳನ್ನೂ ಸೇರಿಸಿಕೊಂಡರು. ಗ್ರೇಟ್ ಸೇಂಟ್ ಬರ್ನಾರ್ಡ್ ಘಾಟಿಯಲ್ಲಿ ೧೮೧೭ರಿಂದಲೇ ಹವೆಯ ದಾಖಲೆ ನಡೆದಿತ್ತು. ಅಲ್ಲಿ ಕೇಂದ್ರಗಳು ಬೆಟ್ಟವನ್ನು ಹಿಂಬಾಲಿಸಿದವು. ನಮ್ಮಲ್ಲಿ ಅವು ಕಂದಾಯವನ್ನು ಹಿಂಬಾಲಿಸಿದವು. ಇದನ್ನು ದೋಷವೆಂದು ಹೇಳುವುದಕ್ಕಿಂತ ಉದ್ದೇಶದ ಭೇದವೆಂದು ಹೇಳುವುದು ನ್ಯಾಯ. ತಹಶೀಲದಾರನಿಗೆ ಬೇಕಾಗಿದ್ದದ್ದು ಬೆಳೆ ಬಂದೀತೇ, ತೀರುವೆ ಬಂದೀತೇ ಎಂಬ ಮುನ್ಸೂಚನೆ, ಪರ್ವತವಿಜ್ಞಾನವಲ್ಲ.

ಭಾರತದ ಹವಾಮಾನ ಇಲಾಖೆ ಸ್ಥಾಪಿತವಾದದ್ದು ೧೮೭೫ರಲ್ಲಿ, ಹೆನ್ರಿ ಬ್ಲಾನ್‌ಫರ್ಡನ ನೇತೃತ್ವದಲ್ಲಿ. ಮರುವರ್ಷವೇ ದಕ್ಷಿಣ ಭಾರತವನ್ನು ಮಹಾಕ್ಷಾಮ ಆವರಿಸಿತು. ೧೮೭೬ರಿಂದ ೧೮೭೮ರವರೆಗೆ ಮದರಾಸು, ಮೈಸೂರು, ಮುಂಬಯಿ, ಹೈದರಾಬಾದು ಸೀಮೆಗಳನ್ನು ಹಿಂಡಿದ ಈ ಕ್ಷಾಮವನ್ನು ಕನ್ನಡಿಗರು ಸಂವತ್ಸರಗಳ ಹೆಸರಿನಿಂದ ಧಾತು-ಈಶ್ವರ ಬರವೆಂದು ನೆನೆಯುತ್ತಾರೆ. ಅದಕ್ಕೂ ಹಿಂದಿನ ೧೭೯೧-೯೨ರ ಮಹಾಬರಕ್ಕೆ ಈ ಭಾಗದಲ್ಲಿ ಡೋಗಿ ಬರವೆಂಬ ಹೆಸರು ನಿಂತಿತು, ತಲೆಬುರುಡೆಗಳ ಬರವೆಂಬ ಅರ್ಥದಲ್ಲಿ. ಎಷ್ಟು ಅಂಗುಲ ಮಳೆ ಕೊರತೆಯಾಯಿತೆಂಬ ಲೆಕ್ಕವಿಲ್ಲದ ಕಾಲದಲ್ಲಿ ಜನ ಬರವನ್ನು ಅಳೆದ ಮಾನ ಅದು. ಮಹಾಕ್ಷಾಮದ ತರುವಾಯ, ೧೮೮೦ರ ಕ್ಷಾಮ ಆಯೋಗದ ವರದಿಯೊಂದಿಗೆ, ಮಳೆಯ ಅಂಕಿ ಸರ್ಕಾರದ ಹೊಣೆಯ ಒಂದು ಭಾಗವಾಯಿತು. ಗದಗಿನಿಂದ ಕೊಪ್ಪಳ, ಹೊಸಪೇಟೆಗಳ ಮೂಲಕ ಬಳ್ಳಾರಿಯತ್ತ ಸಾಗುವ ರೈಲುಹಾದಿಯೂ ಇದೇ ಬರದ ಕೂಸು. ೧೮೮೨ರಲ್ಲಿ ಏರ್ಪಟ್ಟ ಸದರ್ನ್ ಮರಾಠಾ ರೈಲ್ವೆಯ ಉದ್ದೇಶಗಳಲ್ಲಿ ಬರಪೀಡಿತ ಸೀಮೆಗೆ ಧಾನ್ಯ ಸಾಗಿಸುವುದು ಮುಖ್ಯವಾಗಿತ್ತು.

ಆ ಕಾಲದಲ್ಲಿ ಬಳಕೆಗೆ ಬಂದ ಸೈಮನ್ಸ್ ಮಳೆಮಾಪಕ ಬಹು ಸರಳವಾದ ಸಾಧನ. ಐದು ಅಂಗುಲ ಅಗಲದ ಬಾಯಿ, ಅದರ ಅಂಚು ನೆಲದಿಂದ ಸುಮಾರು ಒಂದು ಅಡಿ ಎತ್ತರ, ಒಳಗೆ ನೀರು ಸಂಗ್ರಹವಾಗುವ ಸೀಸೆ, ಜೊತೆಗೊಂದು ಅಳತೆಯ ಗಾಜು. ಪ್ರತಿದಿನ ಬೆಳಿಗ್ಗೆ ಗುಮಾಸ್ತನು ನೀರನ್ನು ಅಳೆದು ಅಂಗುಲ ಮತ್ತು ಸೆಂಟುಗಳಲ್ಲಿ ಬರೆದಿಡುತ್ತಿದ್ದನು. ಸೆಂಟು ಎಂದರೆ ಅಂಗುಲದ ನೂರನೆಯ ಒಂದು ಭಾಗ. ಹತ್ತು ಸೆಂಟು ಮಳೆ ಬಂದರೆ ಅದು 'ಮಳೆಯ ದಿನ', ಇಂದು ೨.೫ ಮಿ.ಮೀ. ಎಂದು ನಾವು ಬಳಸುವ ಮಿತಿ ಆ ಹತ್ತು ಸೆಂಟಿನ ರೂಪಾಂತರವೇ ಹೊರತು ಬೇರೇನಲ್ಲ. ಈ ಐದಂಗುಲದ ಬಾಯಿ ಎಷ್ಟು ನೆಲದ ಪರವಾಗಿ ಮಾತಾಡುತ್ತದೆ ಎಂಬುದನ್ನು ಲೆಕ್ಕ ಹಾಕಿ ನೋಡುವುದು ವಿದ್ಯಾರ್ಥಿಗಳಿಗೆ ಉಪಯುಕ್ತ. ಇಂದಿನ ಕೊಪ್ಪಳ ಜಿಲ್ಲೆಯ ವಿಸ್ತೀರ್ಣ ಸ್ಥೂಲವಾಗಿ ೫೫೦೦ ಚದರ ಕಿಲೋಮೀಟರು. ತಾಲ್ಲೂಕಿಗೊಂದರಂತೆ ನಾಲ್ಕು ಮಾಪಕಗಳೆಂದು ಹಿಡಿದರೆ ಒಂದೊಂದರ ಪಾಲಿಗೆ ಸುಮಾರು ೧೪೦೦ ಚದರ ಕಿಲೋಮೀಟರು ಬರುತ್ತದೆ. ಒಳನಾಡಿನ ಬಯಲಿನಲ್ಲಿ ೫೭೫ ಚದರ ಕಿಲೋಮೀಟರಿಗೆ ಒಂದು, ಪರ್ವತ ಪ್ರದೇಶದಲ್ಲಿ ೨೫೦ಕ್ಕೆ ಒಂದು ಮಾಪಕ ಇರಬೇಕೆಂಬುದು ವಿಶ್ವ ಹವಾಮಾನ ಸಂಸ್ಥೆಯ ಸೂಚನೆ. ಬಯಲಿನ ಮಾನದಿಂದ ಅಳೆದರೂ ನಮಗೆ ಹತ್ತು ಬೇಕಿತ್ತು.

ಇನ್ನು ಈ ದಫ್ತರಗಳು ಯಾರವು ಎಂಬ ಪ್ರಶ್ನೆಗೆ ಬರೋಣ. ಇಲ್ಲಿ ವಿಷಯ ಸ್ವಲ್ಪ ಜಟಿಲವಾಗಿದೆ, ಆದರೆ ಇಡೀ ವಾದದ ಆಧಾರ ಇದೇ. ನಾಲ್ಕು ತಾಲ್ಲೂಕುಗಳೂ ನಿಜಾಮರ ಹೈದರಾಬಾದು ರಾಜ್ಯಕ್ಕೆ ಸೇರಿದ್ದರೂ ಒಂದೇ ಆಡಳಿತದಲ್ಲಿ ಇರಲಿಲ್ಲ. ಕೊಪ್ಪಳ ಮತ್ತು ಯಲಬುರ್ಗಾ ಸಾಲಾರ್ ಜಂಗ್ ಮನೆತನದ ಜಾಗೀರು. ಗಂಗಾವತಿ ಮತ್ತು ಕುಷ್ಟಗಿ ೧೯೦೫ರವರೆಗೆ ಲಿಂಗಸೂಗೂರು ಜಿಲ್ಲೆಯಲ್ಲಿದ್ದು, ಆ ಜಿಲ್ಲೆ ರದ್ದಾದ ಮೇಲೆ ರಾಯಚೂರಿಗೆ ಸೇರಿದವು. ಗಂಗಾವತಿಯ ಮಗ್ಗುಲಿಗೇ ಆನೆಗೊಂದಿ ಸಂಸ್ಥಾನ. ಹೊರಸುತ್ತನ್ನು ನೋಡಿದರೆ ಪರಿಸ್ಥಿತಿ ಮತ್ತೂ ವಿಚಿತ್ರ. ಕೊಪ್ಪಳವನ್ನು ಕೇಂದ್ರವಾಗಿಟ್ಟು ಅರವತ್ತು ಕಿಲೋಮೀಟರು ತ್ರಿಜ್ಯದ ವರ್ತುಲ ಎಳೆದರೆ ೧೯೪೮ಕ್ಕೆ ಮುಂಚೆ ಅದರೊಳಗೆ ನಾಲ್ಕು ಸರ್ಕಾರಗಳಿದ್ದವು: ಪಶ್ಚಿಮದ ಗದಗು, ಮುಂಡರಗಿಗಳು ಮುಂಬಯಿ ಪ್ರಾಂತದಲ್ಲಿ, ನದಿಯಾಚೆಯ ಹೊಸಪೇಟೆ ಮದರಾಸಿನಲ್ಲಿ, ಸೊಂಡೂರು ಸ್ವತಂತ್ರ ಸಂಸ್ಥಾನ, ಉಳಿದದ್ದು ಹೈದರಾಬಾದು. ಒಂದೇ ಮೋಡ ಒಂದು ಸಂಜೆಯಲ್ಲಿ ನಾಲ್ಕು ರಾಜ್ಯಗಳ ದಫ್ತರಗಳಲ್ಲಿ ದಾಖಲಾಗಬಹುದಾಗಿತ್ತು.

ಅಷ್ಟರಿಂದ ತೊಂದರೆಯೇನು, ಮಳೆ ಮಳೆಯೇ ಅಲ್ಲವೆ ಎಂದು ಕೇಳಬಹುದು. ತೊಂದರೆ ವರ್ಷದ ಎಣಿಕೆಯಲ್ಲಿದೆ. ಮದರಾಸಿನ ಫಸಲಿ ವರ್ಷ ಜುಲೈ ಒಂದರಿಂದ ಆರಂಭ. ಮುಂಬಯಿಯ ಕಂದಾಯ ವರ್ಷ ಆಗಸ್ಟ್ ಒಂದರಿಂದ. ಹೈದರಾಬಾದಿನ ಫಸಲಿಯಾದರೋ ಆಜೂರ್ ಮಾಸದಿಂದ, ಎಂದರೆ ಅಕ್ಟೋಬರ್ ಆರನೆಯ ತಾರೀಖಿನ ಸುಮಾರಿನಿಂದ ಮೊದಲಾಗುತ್ತಿತ್ತು. ಆ ರಾಜ್ಯದ ಆಡಳಿತ ವರದಿಗಳೆಲ್ಲ ಈ ವರ್ಷಮಾನದವು. ತೆಲಂಗಾಣಕ್ಕೆ ಇದು ಅಷ್ಟು ಬಾಧಕವಾಗಲಿಲ್ಲ, ಅಲ್ಲಿಯ ಮಳೆಯ ಮುಖ್ಯಭಾಗ ಜುಲೈ, ಆಗಸ್ಟುಗಳಲ್ಲಿ ಮುಗಿದಿರುತ್ತದೆ. ಕೊಪ್ಪಳ ಸೀಮೆಯ ಸ್ಥಿತಿ ಬೇರೆ. ಇಲ್ಲಿ ಮುಂಗಾರು ಜೂನಿನಲ್ಲಿ ಬಂದು, ಜುಲೈಯಲ್ಲಿ ಸೊರಗಿ, ಸೆಪ್ಟೆಂಬರಿನಲ್ಲಿ ಮತ್ತೆ ಬಲಿತು, ಅಕ್ಟೋಬರಿನವರೆಗೆ ಸಾಗುತ್ತದೆ. ವರ್ಷದ ಅತಿ ಹೆಚ್ಚಿನ ಮಳೆ ಸೆಪ್ಟೆಂಬರಿನದು. ಕುಷ್ಟಗಿ, ಯಲಬುರ್ಗಾಗಳ ಎರೆಭೂಮಿಯ ರೈತನು ನಕ್ಷತ್ರಗಳ ಲೆಕ್ಕದಲ್ಲಿ ಮಳೆಯನ್ನು ಎಣಿಸುತ್ತಾನೆ. ಉತ್ತರೆ ಸುರಿದರೆ ಹದ, ಹಸ್ತ ಸುರಿದರೆ ಹಿಂಗಾರಿ ಜೋಳದ ಭರವಸೆ. ಹಸ್ತ ಮಳೆ ಸೆಪ್ಟೆಂಬರಿನ ಕೊನೆಯ ದಿನಗಳಿಂದ ಅಕ್ಟೋಬರ್ ಹತ್ತರವರೆಗೆ. ಅಂದರೆ ಹೈದರಾಬಾದಿನ ವರ್ಷಾಂತ್ಯ ಹಸ್ತ ಮಳೆಯ ನಟ್ಟನಡುವೆ ಬೀಳುತ್ತಿತ್ತು!

ಇದರ ಪರಿಣಾಮವನ್ನು ಒಂದು ಕಲ್ಪಿತ ಉದಾಹರಣೆಯಿಂದ ವಿಶದಪಡಿಸಬಹುದು. ಒಂದು ವರ್ಷ ಸೆಪ್ಟೆಂಬರಿನಲ್ಲಿ ಮಳೆ ತೀರ ಕಡಿಮೆಯಾಗಿ, ಅಕ್ಟೋಬರ್ ಎಂಟರಂದು ನಾಲ್ಕು ಅಂಗುಲ ಸುರಿಯಿತೆನ್ನೋಣ. ರೈತನ ದೃಷ್ಟಿಯಲ್ಲಿ ಅದು ತಡವಾದರೂ ಕೈಹಿಡಿದ ವರ್ಷ. ಫಸಲಿಯ ಮೊತ್ತದಲ್ಲಿ ಮಾತ್ರ ಅದು ಕೊರತೆಯ ವರ್ಷವಾಗಿ ಕಾಣುತ್ತದೆ. ಆ ನಾಲ್ಕು ಅಂಗುಲ ಮುಂದಿನ ವರ್ಷದ ಖಾತೆಗೆ ಜಮೆಯಾಗುತ್ತದೆ. ಮುಂದಿನ ವರ್ಷ ನಿಜವಾಗಿಯೂ ಬರ ಬಿದ್ದರೆ ಈ ಜಮೆ ಆ ಬರವನ್ನು ಮುಚ್ಚಿಹಾಕುತ್ತದೆ. ದೀರ್ಘಾವಧಿಯ ಸರಾಸರಿಗೆ ಇದರಿಂದ ಹೆಚ್ಚು ಧಕ್ಕೆಯಿಲ್ಲ, ಏಕೆಂದರೆ ಒಂದು ಕಡೆ ಕಳೆದದ್ದು ಮತ್ತೊಂದು ಕಡೆ ಕೂಡುತ್ತದೆ. ಆದರೆ ಬರದ ವರ್ಷಗಳನ್ನು ಗುರುತಿಸುವ ಇತಿಹಾಸಕಾರನು ಫಸಲಿ ಮೊತ್ತಗಳನ್ನು ಹಾಗೆಯೇ ಕ್ರಿಸ್ತಶಕಕ್ಕೆ ಪರಿವರ್ತಿಸಿ, ೫೯೦ ಕೂಡಿಸಿ, ಪಕ್ಕದ ಗದಗಿನ ಅಂಕಿಗಳೊಂದಿಗೆ ಹೊಂದಿಸಲು ಹೊರಟರೆ ಎರಡು ಊರುಗಳಿಗೆ ಎರಡು ಬೇರೆ ಬರಗಳು ಬಂದಂತೆ ತೋರುತ್ತದೆ. ಹವಾಮಾನ ಇಲಾಖೆ ತಿಂಗಳುವಾರು ಅಂಕಿಗಳನ್ನು ಕ್ರಿಸ್ತಶಕದ ಮೇರೆಗೆ ಜೋಡಿಸಿಕೊಳ್ಳುವುದರಿಂದ ವಿಜ್ಞಾನಿಗಳ ನಕ್ಷೆಗಳಲ್ಲಿ ಈ ದೋಷ ತೊಡಗಲಾರದು; ವಾರ್ಷಿಕ ಮೊತ್ತವನ್ನಷ್ಟೇ ನಂಬುವ ನಮ್ಮ ಕ್ಷೇತ್ರದಲ್ಲಿ ಅದರ ಭಯವಿದೆ. ಒಂದು ಮಾತು ಪ್ರಾಸಂಗಿಕವಾಗಿ: ಹೈದರಾಬಾದಿನಲ್ಲಿ ನವಾಬ ಜಫರ್ ಜಂಗ್ ೧೯೦೧ರಲ್ಲಿ ಸ್ಥಾಪಿಸಿ ೧೯೦೮ರಲ್ಲಿ ಸರ್ಕಾರದ ವಶಕ್ಕೆ ಬಂದ ನಿಜಾಮಿಯಾ ವೀಕ್ಷಣಾಲಯ ಜಗತ್ತಿನ ಖಗೋಳಜ್ಞರೊಡನೆ ಸೇರಿ ಆಕಾಶದ ನಕ್ಷತ್ರಗಳ ನಕ್ಷೆಯನ್ನು ತಯಾರಿಸುವ ಮಹತ್ಕಾರ್ಯದಲ್ಲಿ ತೊಡಗಿತ್ತು. ಅದೇ ರಾಜ್ಯದ ಪಂಚಾಂಗ ಮಾತ್ರ ರೈತನ ಹಸ್ತ ನಕ್ಷತ್ರವನ್ನು ಎರಡಾಗಿ ಸೀಳುತ್ತಿತ್ತು.

ಉಷ್ಣತೆಯ ವಿಷಯದಲ್ಲಿ ಗಡಿಯ ಪ್ರಭಾವ ಇನ್ನೂ ಸ್ಪಷ್ಟ. ಮಳೆಮಾಪಕ ತಾಲ್ಲೂಕಿಗೊಂದು ಇರಬಹುದು. ಉಷ್ಣತೆ, ಆರ್ದ್ರತೆ, ಗಾಳಿಗಳನ್ನು ಅಳೆಯುವ ವೀಕ್ಷಣಾಲಯ ಅಷ್ಟು ಸುಲಭವಾಗಿ ಸಿಗುವುದಿಲ್ಲ. ಜಿಲ್ಲೆಯ ವಾಯುಗುಣವನ್ನು ವರ್ಣಿಸುವಾಗ ಜಿಲ್ಲಾಕೇಂದ್ರದ ವೀಕ್ಷಣಾಲಯದ ಅಂಕಿಗಳನ್ನೇ ಇಡೀ ಜಿಲ್ಲೆಗೆ ಅನ್ವಯಿಸುವುದು ಗ್ಯಾಸೆಟಿಯರುಗಳ ಪದ್ಧತಿ. ಹೀಗಾಗಿ ಕೊಪ್ಪಳ, ಕುಷ್ಟಗಿ, ಯಲಬುರ್ಗಾಗಳ ಬಿಸಿಲು ಬಹುಕಾಲ ರಾಯಚೂರಿನ ಬಿಸಿಲಾಗಿಯೇ ಪುಸ್ತಕಗಳಲ್ಲಿ ಉಳಿಯಿತು. ರಾಯಚೂರು ಕೊಪ್ಪಳದಿಂದ ನೇರ ರೇಖೆಯಲ್ಲಿ ೧೬೦ ಕಿಲೋಮೀಟರು. ಗದಗು ಕೇವಲ ೫೫ರ ಆಸುಪಾಸು. ಬಳ್ಳಾರಿ ೮೫ರ ಸಮೀಪ. ಎತ್ತರವನ್ನು ನೋಡಿದರೂ ರಾಯಚೂರು ಸುಮಾರು ೪೦೦ ಮೀಟರು, ಗದಗು ೬೫೦ರ ಹತ್ತಿರ. ಕುಷ್ಟಗಿಯ ನೆಲ ಎತ್ತರದಲ್ಲಿ ಗದಗಿನ ಬಂಧು, ರಾಯಚೂರಿನದಲ್ಲ. ಗಂಗಾವತಿಯಾದರೆ ರಾಯಚೂರಿಗೆ ಸರಿಹೋದೀತು. ಒಂದೇ ಜಿಲ್ಲೆಯೊಳಗಿನ ಎರಡು ತಾಲ್ಲೂಕುಗಳು ಎರಡು ಬೇರೆ ವೀಕ್ಷಣಾಲಯಗಳ ಕಡೆಗೆ ವಾಲುತ್ತವೆ ಎಂಬುದನ್ನು ಆಡಳಿತದ ಗಡಿ ಕಾಣಗೊಡಲಿಲ್ಲ. ೧೯೫೬ರ ನವೆಂಬರ್ ಒಂದರಂದು ಗದಗೂ ಕೊಪ್ಪಳವೂ ಒಂದೇ ರಾಜ್ಯದೊಳಗೆ ಬಂದವು, ಆದರೆ ಬೇರೆ ಬೇರೆ ಜಿಲ್ಲೆಗಳಲ್ಲಿ. ಹಳೆಯ ಪದ್ಧತಿ ಹಾಗೆಯೇ ಮುಂದುವರಿಯಿತು. ಇದಕ್ಕೆ ಹೋಲಿಸಿದರೆ ಮೈಸೂರು ಸಂಸ್ಥಾನದ ಮಾರ್ಗ ಮೇಲು. ಅಲ್ಲಿ ೧೮೯೦ರ ದಶಕದಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಿನ್ಸಿಪಾಲ ಜಾನ್ ಕುಕ್ಕರ ಮೇಲ್ವಿಚಾರಣೆಯಲ್ಲಿ ಬೆಂಗಳೂರು, ಮೈಸೂರು, ಹಾಸನ, ಚಿತ್ರದುರ್ಗಗಳಲ್ಲಿ ವೀಕ್ಷಣಾಲಯಗಳು ಏರ್ಪಟ್ಟವು. ಮಲೆನಾಡಿನ ಸೆರಗಿನ ಹಾಸನವೂ ಬಯಲುಸೀಮೆಯ ಚಿತ್ರದುರ್ಗವೂ ಈ ಆಯ್ಕೆಯಲ್ಲಿ ಸೇರಿರುವುದನ್ನು ನೋಡಿದರೆ ವಾಯುಗುಣದ ವೈವಿಧ್ಯದ ಕಡೆಗೆ ದೃಷ್ಟಿಯಿತ್ತೆಂದು ನಾವು ಭಾವಿಸುತ್ತೇವೆ. ಕಾಲೇಜಿನ ಅಧ್ಯಾಪಕನೊಬ್ಬನ ಕೈಗೆ ಈ ಕೆಲಸ ಹೋದದ್ದು ವ್ಯರ್ಥವಾಗಲಿಲ್ಲ.

ಎತ್ತರದ ಪ್ರಭಾವಕ್ಕೆ ನಮ್ಮ ಸೀಮೆಯ ಮಗ್ಗುಲಲ್ಲೇ ಒಂದು ಹಳೆಯ ಸಾಕ್ಷಿಯಿದೆ. ನದಿಯಾಚೆಗೆ ಸೊಂಡೂರಿನ ಬೆಟ್ಟಸಾಲಿನ ಮೇಲಿರುವ ರಾಮನದುರ್ಗ ೩೨೫೬ ಅಡಿ ಎತ್ತರದ್ದು. ಬಳ್ಳಾರಿಯ ದಂಡಿನ ಗೋರಾ ಸೈನಿಕರಿಗಾಗಿ ಹತ್ತೊಂಬತ್ತನೆಯ ಶತಮಾನದ ನಡುವೆ ಅಲ್ಲಿ ಆರೋಗ್ಯಧಾಮವನ್ನು ಕಟ್ಟಿದರು. ಮೇಲೆ ಹೇಳಿದ ಸೂತ್ರದಂತೆ ಬಳ್ಳಾರಿಗಿಂತ ಅಲ್ಲಿ ಮೂರು ಮೂರೂವರೆ ಡಿಗ್ರಿ ತಂಪಿರಬೇಕು. ದಂಡಿನ ವೈದ್ಯರು ಸೂತ್ರವನ್ನು ಕಾಯದೆ ಬೆವರಿನಿಂದಲೇ ಇದನ್ನು ಕಂಡುಕೊಂಡರು.

ಇಪ್ಪತ್ತನೆಯ ಶತಮಾನದ ನಕ್ಷೆಗಳಿಗೆ ಬಂದರೆ, ಜಾನ್ ಎಲಿಯಟ್ ಸಿದ್ಧಪಡಿಸಿ ೧೯೦೬ರಲ್ಲಿ ಪ್ರಕಟವಾದ ಭಾರತದ ವಾಯುಗುಣ ಅಟ್ಲಾಸು ಮೊದಲು ನೆನಪಿಗೆ ಬರುತ್ತದೆ. ಇಡೀ ಉಪಖಂಡವನ್ನು ಒಂದು ಹಾಳೆಗೆ ತರುವ ಅಂಥ ನಕ್ಷೆಯಲ್ಲಿ ನಮ್ಮ ನಾಲ್ಕು ತಾಲ್ಲೂಕುಗಳು ಉಗುರಿನಷ್ಟೂ ಇರಲಾರವು. ಘಟ್ಟದ ನಾಡನ್ನೇ ಉದ್ದೇಶವಾಗಿಟ್ಟುಕೊಂಡು, ಕೇಂದ್ರಗಳ ಅಂಕಿಗಳನ್ನೆಲ್ಲ ಕೂಡಿಸಿ, ಬೆಟ್ಟದ ಆಕಾರವನ್ನು ಗಮನಿಸಿ ತಯಾರಾದ ನಕ್ಷೆಗಾಗಿ ೧೯೮೨ರವರೆಗೆ ಕಾಯಬೇಕಾಯಿತು. ಪುದುಚೇರಿಯಲ್ಲಿ ೧೯೫೫ರಲ್ಲಿ ಸ್ಥಾಪಿತವಾದ ಫ್ರೆಂಚ್ ಸಂಸ್ಥೆಯ ಜೆ. ಪಿ. ಪಾಸ್ಕಲ್ ಆ ವರ್ಷ ಪಶ್ಚಿಮ ಘಟ್ಟಗಳ ಜೀವವಾಯುಗುಣದ ನಕ್ಷೆಯನ್ನು ಐದು ಲಕ್ಷಕ್ಕೆ ಒಂದರ ಪ್ರಮಾಣದಲ್ಲಿ ಪ್ರಕಟಿಸಿದರು. ವಾರ್ಷಿಕ ಮಳೆ, ಅತಿ ತಂಪಾದ ತಿಂಗಳ ಉಷ್ಣತೆ, ಒಣ ಋತುವಿನ ಉದ್ದ ಈ ಮೂರು ಲಕ್ಷಣಗಳ ಮೇಲೆ ಅವರ ವಿಂಗಡಣೆ ನಿಂತಿದೆ. ನಮ್ಮ ದೃಷ್ಟಿಗೆ ಮೂರನೆಯದೇ ಹೆಚ್ಚಿನದು. ಘಟ್ಟದ ಉದ್ದಕ್ಕೂ ಒಂದೇ ಮೊತ್ತದ ಮಳೆ ಬಿದ್ದರೂ ದಕ್ಷಿಣದಲ್ಲಿ ಅದು ಹೆಚ್ಚು ತಿಂಗಳುಗಳಲ್ಲಿ ಹರಡುತ್ತದೆ, ಉತ್ತರದಲ್ಲಿ ಮೂರು ನಾಲ್ಕು ತಿಂಗಳಲ್ಲಿ ಸುರಿದು ನಿಲ್ಲುತ್ತದೆ. ಕಾಡಿನ ಸ್ವರೂಪ ಇದರಿಂದಲೇ ಬೇರೆಯಾಗುತ್ತದೆ.

ಒಣ ತಿಂಗಳನ್ನು ಗುರುತಿಸಲು ಫ್ರೆಂಚ್ ಸಸ್ಯವಿಜ್ಞಾನಿ ಗಾಸೆನ್ ಹಾಕಿಕೊಟ್ಟ ನಿಯಮ ಸುಲಭವಾದದ್ದು: ತಿಂಗಳ ಮಳೆ ಮಿಲಿಮೀಟರುಗಳಲ್ಲಿ ಆ ತಿಂಗಳ ಸರಾಸರಿ ಉಷ್ಣತೆಯ ಎರಡರಷ್ಟಕ್ಕಿಂತ ಕಡಿಮೆಯಿದ್ದರೆ ಅದು ಒಣ ತಿಂಗಳು. ಉಷ್ಣತೆ ೨೫ ಡಿಗ್ರಿಯಿದ್ದರೆ ೫೦ ಮಿ.ಮೀ. ಬೇಕು, ಮೇ ತಿಂಗಳ ೩೧ ಡಿಗ್ರಿಗೆ ೬೨ ಮಿ.ಮೀ. ಈ ಒರೆಗಲ್ಲಿಗೆ ಹಚ್ಚಿದರೆ ಕೊಪ್ಪಳ ಸೀಮೆಯಲ್ಲಿ ನವೆಂಬರಿನಿಂದ ಮೇ ತಿಂಗಳ ಕೊನೆಯವರೆಗೆ ಸುಮಾರು ಏಳು ತಿಂಗಳು ಒಣಗಾಲವೆಂದು ಎಣಿಸಬೇಕಾಗುತ್ತದೆ. ಲಂಡನ್ ನಗರದ ವಾರ್ಷಿಕ ಮಳೆಯೂ ಸುಮಾರು ೬೦೦ ಮಿ.ಮೀ. ಎಂದು ಹೇಳಿದರೆ ನಮ್ಮ ವಿದ್ಯಾರ್ಥಿಗಳು ನಂಬುವುದಿಲ್ಲ. ಮೊತ್ತವೊಂದರಿಂದಲೇ ವಾಯುಗುಣ ತಿಳಿಯದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ಆದರೂ ಗಾಸೆನನ ನಿಯಮದಿಂದ ಜೂನ್, ಜುಲೈಗಳು ಹಸಿ ತಿಂಗಳುಗಳಾಗಿಬಿಡುತ್ತವೆ. ಜುಲೈಯಲ್ಲಿ ಮೂರು ವಾರ ಗಾಳಿ ಬೀಸಿ ಹನಿ ಬೀಳದೆ ಸಜ್ಜೆಯ ಪೈರು ಬಾಡುವುದನ್ನು ಕಂಡ ಯಲಬುರ್ಗಾದ ರೈತನು ಈ ಹೆಸರನ್ನು ಒಪ್ಪಲಾರನು. ತಿಂಗಳೆಂಬುದು ನಕ್ಷೆಗೆ ಅನುಕೂಲವಾದ ಮಾನ. ಬೆಳೆಗೆ ಹದಿಮೂರು ದಿನಗಳ ನಕ್ಷತ್ರಮಾನವೇ ಸಮೀಪ.

ಗಂಗಾವತಿಯ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಮಳೆಯ ನಕ್ಷೆಯನ್ನಷ್ಟೇ ಬಲ್ಲ ಪರದೇಶದ ಓದುಗನಿಗೆ ಈ ತಾಲ್ಲೂಕು ಭತ್ತದ ಕಣಜವೆಂದರೆ ಆಶ್ಚರ್ಯವಾದೀತು. ಉತ್ತರ ಆಗುಂಬೆಯ ಕಡೆಗಿದೆ. ತುಂಗೆಯೂ ಭದ್ರೆಯೂ ಘಟ್ಟದ ಮಳೆಯನ್ನು ಹೊತ್ತು ತಂದು ಮಳೆನೆರಳಿನ ಈ ನೆಲದಲ್ಲಿ ಇಳಿಸುತ್ತವೆ. ವಿಜಯನಗರದ ಕಾಲದ ಆನೆಗೊಂದಿ ಕಾಲುವೆ, ಮ��ಲಣ ಮತ್ತು ಕೆಳಗಣ ಗಂಗಾವತಿ ಕಾಲುವೆಗಳು ಈ ಸತ್ಯವನ್ನು ಅರಿತು ತೋಡಿದವು. ೧೯೪೫ರಲ್ಲಿ ಹೈದರಾಬಾದು, ಮದರಾಸು ಸರ್ಕಾರಗಳು ಕೂಡಿ ಆರಂಭಿಸಿ ೧೯೫೩ರಲ್ಲಿ ನೀರು ನಿಲ್ಲಿಸಿದ ತುಂಗಭದ್ರಾ ಅಣೆಕಟ್ಟು ಅದೇ ತತ್ತ್ವವನ್ನು ದೊಡ್ಡ ಪ್ರಮಾಣದಲ್ಲಿ ಮುಂದುವರಿಸಿತು. ಆದ್ದರಿಂದ ಗಂಗಾವತಿಯ ಬೆಳೆಯ ಭವಿಷ್ಯವನ್ನು ಗಂಗಾವತಿಯ ಮಾಪಕ ಹೇಳಲಾರದು. ತೀರ್ಥಹಳ್ಳಿಯ ಮಾಪಕ ಹೇಳುತ್ತದೆ. ಎಡದಂಡೆ ಕಾಲುವೆಯ ಮೇಲಣ ಊರುಗಳಿಗೆ ಕಾಲುವೆಯ ರೇಖೆಯೇ ನಿಜವಾದ ಸಮವೃಷ್ಟಿ ರೇಖೆ. ಕೆಲವೇ ಹರದಾರಿ ಉತ್ತರಕ್ಕೆ ಕುಷ್ಟಗಿಯ ಬಯಲಿಗೆ ಈ ಘಟ್ಟದ ಮಳೆಯಿಂದ ಒಂದು ಕೊಡ ನೀರೂ ಹರಿದುಬರುವ ಸ್ವಾಭಾವಿಕ ದಾರಿಯಿಲ್ಲ. ನಕ್ಷೆಯಲ್ಲಿ ಎರಡಕ್ಕೂ ಒಂದೇ ಬಣ್ಣ.

ಈಚಿನ ದಶಕಗಳಲ್ಲಿ ಅಳತೆಯ ಸಾಧನಗಳು ಬಹಳ ಮುಂದುವರಿದಿವೆ. ಎತ್ತರ, ಇಳಿಜಾರಿನ ಮುಖ, ಸಮುದ್ರದ ದೂರ ಇವನ್ನೆಲ್ಲ ಗಣನೆಗೆ ತೆಗೆದುಕೊಂಡು ಬೆಟ್ಟದ ನಾಡಿನ ಮಳೆಯನ್ನು ಅಂದಾಜು ಮಾಡುವ ಪ್ರಿಸಂ ಎಂಬ ಕ್ರಮವನ್ನು ಅಮೆರಿಕದಲ್ಲಿ ಡೇಲಿ ಮತ್ತು ಸಂಗಡಿಗರು ೧೯೯೪ರಲ್ಲಿ ಪ್ರಕಟಿಸಿದರು. ಕರ್ನಾಟಕ ಸರ್ಕಾರ ೧೯೮೮ರಲ್ಲಿ ಬರ ನಿರೀಕ್ಷಣ ಘಟಕವನ್ನು ಸ್ಥಾಪಿಸಿತು. ಅದೇ ಮುಂದೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಬೆಳೆದು, ಗ್ರಾಮ ಪಂಚಾಯಿತಿಗೊಂದರಂತೆ ಆರು ಸಾವಿರಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕಗಳನ್ನು ನೆಟ್ಟಿತು. ಗುಮಾಸ್ತನ ಅಳತೆಯ ಗಾಜಿನಿಂದ ಇಲ್ಲಿಯವರೆಗಿನ ಈ ಪಯಣ ಮೆಚ್ಚತಕ್ಕದ್ದೇ. ಆದರೆ ಒಂದು ತೊಡಕು ಉಳಿದಿದೆ. ಹೊಸ ಮಾಪಕ ಇಂದಿನ ಮಳೆಯನ್ನು ಹೇಳುತ್ತದೆ. ಅದು ಕಡಿಮೆಯೋ ಹೆಚ್ಚೋ ಎಂದು ಹೇಳಲು ಹಳೆಯ ಸರಾಸರಿ ಬೇಕು. ಹಳೆಯ ಸರಾಸರಿ ತಾಲ್ಲೂಕು ಕಚೇರಿಯ ಅಂಗಳದ್ದು. ಗ್ರಾಮಕ್ಕೆ ಇಪ್ಪತ್ತು ವರ್ಷದ ನೆನಪು, ತಾಲ್ಲೂಕು ಕೇಂದ್ರಕ್ಕೆ ನೂರು ವರ್ಷದ್ದು.

೧೯೯೭-೯೮ರಲ್ಲಿ ಕೊಪ್ಪಳ ಪ್ರತ್ಯೇಕ ಜಿಲ್ಲೆಯಾಯಿತು. ೨೦೧೮ರ ವೇಳೆಗೆ ಗಂಗಾವತಿಯಿಂದ ಕನಕಗಿರಿ, ಕಾರಟಗಿಗಳೂ ಯಲಬುರ್ಗಾದಿಂದ ಕುಕನೂರೂ ಬೇರ್ಪಟ್ಟು ತಾಲ್ಲೂಕುಗಳು ಏಳಾದವು. ಹೊಸ ತಾಲ್ಲೂಕಿನ ವಾಡಿಕೆ ಮಳೆ ಯಾವುದು? ಒಣಭೂಮಿ ಹೆಚ್ಚಾಗಿರುವ ಕನಕಗಿರಿಯ ಕಡೆಯ ಊರುಗಳಿಗೂ ಕಾಲುವೆಯ ಕಾರಟಗಿಗೂ ಹಳೆಯ ಗಂಗಾವತಿಯ ದಫ್ತರವೇ ಮೂಲವಾದರೆ ಫಲವೇನು ಎಂಬುದನ್ನು ಊಹಿಸುವುದು ಕಷ್ಟವಲ್ಲ. ೨೦೧೬ರ ಕೇಂದ್ರದ ಬರ ಕೈಪಿಡಿಯ ಪ್ರಕಾರ ಮಳೆಯ ಕೊರತೆ ಅಥವಾ ಎಡೆಬಿಡದ ಒಣವಾರಗಳು ಬರಘೋಷಣೆಯ ಮೊದಲ ಮೆಟ್ಟಿಲು. ೨೦೨೩ರಲ್ಲಿ ರಾಜ್ಯದ ೨೨೩ ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದವು. ಅಂಥ ಸರ್ವವ್ಯಾಪಿ ಬರದಲ್ಲಿ ಸರಾಸರಿಯ ಸಣ್ಣ ದೋಷ ಯಾರನ್ನೂ ಬಾಧಿಸದು. ಕೊರತೆ ಅಂಚಿನಲ್ಲಿರುವ ವರ್ಷಗಳಲ್ಲಿ, ಕೆಲವು ಮಿಲಿಮೀಟರುಗಳ ವ್ಯತ್ಯಾಸದಿಂದ ಒಂದು ತಾಲ್ಲೂಕು ಪಟ್ಟಿಗೆ ಸೇರಿ ಇನ್ನೊಂದು ಹೊರಗುಳಿಯುವಾಗ, ಅದು ಬಾಧಿಸುತ್ತದೆ. ಹವಾಮಾನ ಇಲಾಖೆ ಸರಾಸರಿಯ ಅವಧಿಯನ್ನು ಕಾಲಕಾಲಕ್ಕೆ ಬದಲಿಸುತ್ತ ಬಂದಿದೆ. ಮೊದಲು ೧೯೦೧ರಿಂದ ೧೯೫೦, ಈಚೆಗೆ ೧೯೭೧ರಿಂದ ೨೦೨೦. ಮೊದಲನೆಯ ಅವಧಿಯ ಐವತ್ತು ವರ್ಷಗಳಲ್ಲಿ ನಲವತ್ತೇಳಕ್ಕೂ ಹೆಚ್ಚು ವರ್ಷ ಈ ಸೀಮೆ ನಿಜಾಮರ ಆಳ್ವಿಕೆಯಲ್ಲಿತ್ತು. ಅವಧಿ ಈಚೆಗೆ ಸರಿದಂತೆಲ್ಲ ಆ ದಫ್ತರಗಳು ಲೆಕ್ಕಕ್ಕೆ ಬೇಡವಾದವು ಎಂದು ಭಾವಿಸಿ ಅವನ್ನು ಗೆದ್ದಲಿಗೆ ಬಿಡುವುದು ಇತಿಹಾಸದ ದೃಷ್ಟಿಯಿಂದ ದೊಡ್ಡ ನಷ್ಟ. ಹವೆ ಬದಲಾಗಿದೆಯೇ ಎಂಬ ಪ್ರಶ್ನೆಗೆ ಅವಿಲ್ಲದೆ ಉತ್ತರವೇ ಇಲ್ಲ.

ಈ ಕೆಲಸ ವಿಜ್ಞಾನಿಗಳಿಗಿಂತ ಇತಿಹಾಸ ವಿಭಾಗಗಳಿಗೆ ಹೆಚ್ಚು ತಕ್ಕದ್ದೆಂದು ನಾವು ತಿಳಿಯುತ್ತೇವೆ. ಉರ್ದು, ಪಾರಸಿ ತಿಂಗಳುಗಳ ಹೆಸರನ್ನು ಓದಬಲ್ಲವರು, ಜಾಗೀರಿನ ದಾಖಲೆಯನ್ನು ದಿವಾನಿ ದಾಖಲೆಯಿಂದ ಬೇರ್ಪಡಿಸಬಲ್ಲವರು ಇಲ್ಲಿಯೇ ಇರುವುದು. ನಾಲ್ಕು ಹಳೆಯ ತಾಲ್ಲೂಕು ಕೇಂದ್ರಗಳ ಕಾಲೇಜುಗಳ ವಿದ್ಯಾರ್ಥಿಗಳು ತಮ್ಮ ಊರಿನ ದಫ್ತರಖಾನೆಯಲ್ಲಿ ಸಿಕ್ಕಷ್ಟು ಮಳೆಯ ಪುಸ್ತಕಗಳಿಂದ ವಾರ್ಷಿಕ ಮೊತ್ತವನ್ನಲ್ಲ, ದಿನವಹಿ ಅಂಕಿಗಳನ್ನು ನಕಲು ಮಾಡಬೇಕು. ಅಂಗುಲ ಸೆಂಟುಗಳನ್ನು ಹಾಗೆಯೇ ಉಳಿಸಿ, ಫಸಲಿ ತಾರೀಖನ್ನೂ ಕ್ರಿಸ್ತಶಕದ ತಾರೀಖನ್ನೂ ಎರಡು ಅಂಕಣಗಳಲ್ಲಿ ಎದುರುಬದುರಾಗಿ ಬರೆದುಕೊಳ್ಳಬೇಕು. ಮಾಪಕ ಯಾವ ಕಟ್ಟಡದ ಅಂಗಳದಲ್ಲಿತ್ತು, ಕಚೇರಿ ಹೊಸ ಕಟ್ಟಡಕ್ಕೆ ಹೋದಾಗ ಅದೂ ಹೋಯಿತೇ, ಪಕ್ಕದಲ್ಲಿ ಬೇವಿನ ಮರವೋ ಗೋಡೆಯೋ ಎದ್ದು ಮಳೆಗೆ ಅಡ್ಡವಾಯಿತೇ ಎಂಬುದನ್ನು ಊರಿನ ಹಿರಿಯರಿಂದ ಕೇಳಿ ಅದೇ ಪುಸ್ತಕದ ಮೊದಲ ಹಾಳೆಯಲ್ಲಿ ಗುರುತಿಸಿಡಬೇಕು. ಸೆಪ್ಟೆಂಬರ್ ಇಪ್ಪತ್ತೈದರಿಂದ ಅಕ್ಟೋಬರ್ ಹತ್ತರವರೆಗಿನ ಹಾಳೆಗಳಿಂದ ಈ ಕೆಲಸವನ್ನು ತೊಡಗುವುದು ಒಳ್ಳೆಯದು.